ನಮ್ಮ ನಲ್ಲಿಗೆ ಇಬ್ಬರು ನಾಯಕರು

ಚೆನ್ನೈನ ಕ್ರೋಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥದ್ದೆಲ್ಲ ನಡೆಯುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ, ನಾನು ಕೊಡ ಹೊರುತ್ತೇನೆ.

ವಿಷಯ ತೀರಾ ಸಣ್ಣದು. ನಮ್ಮದು ಮೂರನೇ ಮಹಡಿಯ ಕೊನೆಯ ಮನೆ. ನೀರಿನ ಟ್ಯಾಂಕು ಸರಿಯಾಗಿ ನಮ್ಮ ನೆತ್ತಿಯ ಮೇಲೇ ಕೂತಿದೆ. ಆದರೂ ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೂಲಿನಷ್ಟು ನೀರು, ಅದೂ ಅದಕ್ಕೆ ಮನಸ್ಸು ಬಂದರೆ. ಪ್ಲಂಬರ್ ಬಂದು ನೋಡಿ, ಟ್ಯಾಂಕಿನ ತಳದಲ್ಲಿ ಕೆಸರು ಕಟ್ಟಿದೆ, ನಿಮ್ಮ ಕಡೆಯ ಪೈಪಿನ ಬಾಯಿ ಮುಚ್ಚಿಹೋಗಿದೆ, ತೊಳೆಸಿಬಿಡಿ ಅಂದ. ತೊಳೆಸಬೇಕಾದರೆ ಟ್ಯಾಂಕಿನ ಬೀಗ ತೆಗೆಯಬೇಕು. ಬೀಗದ ಕೈ ಅಸೋಸಿಯೇಷನ್ ಅಧ್ಯಕ್ಷರ ಹತ್ತಿರ ಇರುತ್ತದೆ.

ಆ ಒಂದು ಬೀಗದ ಕೈಗಾಗಿ ನಾನು ಇಬ್ಬರು ಅಧ್ಯಕ್ಷರ ಆಳ್ವಿಕೆ ಕಂಡೆ. ಮೊದಲನೆಯವರು ರಾಜಕೀಯದವರು, ಎರಡನೆಯವರು ಮಿಲಿಟರಿಯವರು. ಬ್ಯಾಂಕಿನಿಂದ ರಿಟೈರಾದ ನನ್ನ ಗಂಡನಿಗೆ ಇದು ಹಬ್ಬ. ಸಂಜೆಯಾದರೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ದೇಶಕ್ಕೆ ಬೇಕಾದದ್ದು ರಾಜಕೀಯದ ನಾಯಕತ್ವವೋ ಮಿಲಿಟರಿ ನಾಯಕತ್ವವೋ ಎಂದು ಚರ್ಚೆ ಮಾಡುತ್ತಾರೆ. ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ದಿನವೆಲ್ಲ ದುಡಿದು, ಬಂದ ಮೇಲೆ ಕೆಳಗಿನ ಕೈಪಂಪಿನಿಂದ ಕೊಡ ತುಂಬಿಕೊಂಡು ಅದೇ ಗೇಟಿನ ಮುಂದೆ ಹೋಗುವಾಗ, ಕಾಲು ಮಡಚಿ ದಾರಿ ಬಿಡುತ್ತಾರೆ. ಮಗಳು ಪೆರುಂಗುಡಿಯ ಆಫೀಸಿನ ಜಿಮ್ಮಿಗೆ ಸೇರಿದ್ದಾಳೆ. ಅಲ್ಲಿ ಒಂದು ದಿನವೂ ಏನನ್ನೂ ಎತ್ತಿದವಳಲ್ಲ, ಸ್ನಾನ ಮಾಡಿ ಬರುತ್ತಾಳೆ ಅಷ್ಟೇ.

ನಿಮ್ಮ ನೀರು ನನ್ನ ನೀರು

ಮೊದಲ ಅಧ್ಯಕ್ಷರು ಯಾವುದೋ ಪಕ್ಷದಲ್ಲಿ ವಾರ್ಡು ಮಟ್ಟದ ಮುಖಂಡರಾಗಿದ್ದವರು. ಎಲ್ಲರೂ ಅವರನ್ನು ತಲೈವರ್, ಅಂದರೆ ನಾಯಕರೇ, ಎಂದೇ ಕರೆಯುತ್ತಿದ್ದರು. ಇಸ್ತ್ರಿ ಮುರಿಯದ ಬಿಳಿ ಪಂಚೆ, ಬಿಳಿ ಶರ್ಟು. ಮನೆ ನೆಲಮಹಡಿಯಲ್ಲಿ.

ನಾನು ಹೋಗಿ ಟ್ಯಾಂಕಿನ ಬೀಗ ತೆಗೆಸಿ ಎಂದು ಕೇಳಿದಾಗ ಎದ್ದು ನಿಂತು ಕೈ ಮುಗಿದರು. ನಮ್ಮ ಮನೆಯಲ್ಲಿ ನನಗೆ ಯಾರೂ ಎದ್ದು ನಿಲ್ಲುವುದಿಲ್ಲ, ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಕಣ್ಣು ತೇವ ಮಾಡಿಕೊಂಡು, "ಅಮ್ಮಾ, ಉಂಗ ವೀಟ್ಟು ತಣ್ಣಿ ಎನ್ ವೀಟ್ಟು ತಣ್ಣಿ" ಅಂದರು. ನಿಮ್ಮ ಮನೆಯ ನೀರು ನನ್ನ ಮನೆಯ ನೀರು ಅಂತ. ಮಿಕ್ಕ ಅರ್ಧವೂ ಇಳಿದು ನಾನು ಕಾಫಿ ಕುಡಿದು ಬಂದೆ.

ಮುಂದಿನ ವಾರ ಹೋದೆ, ಅದೇ ಕೈ, ಅದೇ ಕಣ್ಣು. ಬೀಗದ ಮಾತೆತ್ತಿದರೆ "ಪಾತ್ತುಕ್ಕಲಾಮ್ಮಾ", ನೋಡಿಕೊಳ್ಳೋಣ ಅನ್ನುವುದು. ಆ ಮನುಷ್ಯ ಒಂದು ದಿನವೂ ಆಗುವುದಿಲ್ಲ ಎಂದವರಲ್ಲ. ಅಂದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಒಂದು ದಿನ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗುಲಾಬಿ ಗಿಡ ತೋರಿಸಿದರು. ಅಲ್ಲಿ ಬೆರಳು ದಪ್ಪದ ರಬ್ಬರ್ ಪೈಪು ಭರ್ರೆಂದು ಸುರಿಯುತ್ತಿತ್ತು. ಕಾರು ತೊಳೆದಾಗಿತ್ತು, ಅಂಗಳ ತೊಳೆದಾಗಿತ್ತು, ನಾಯಿಗೂ ಸ್ನಾನವಾಗಿತ್ತು. ಮೇಲೆ ನಮ್ಮ ಪೈಪು ಮುಚ್ಚಿಕೊಂಡಿದ್ದರಿಂದ ನಮ್ಮ ಪಾಲೂ ಅವರ ಪೈಪಿಗೇ ಇಳಿಯುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಆದರೆ ಸುಳ್ಳುಗಾರ ಎಂದು ಬಯ್ಯುವ ಹಾಗೂ ಇರಲಿಲ್ಲ. ನಮ್ಮ ಮನೆಯ ನೀರು ಅವರ ಮನೆಯ ನೀರು ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರಲ್ಲ!

ಉದ್ಘಾಟನೆ

ನಾನು ಬಿಡಲಿಲ್ಲ. ಮೀಟಿಂಗಿನಲ್ಲಿ ಎದ್ದು ಕೂಗಾಡಿದೆ. ಆಗ ತಲೈವರ್ ನಮ್ಮ ಮಹಡಿಯ ವರಾಂಡದಲ್ಲಿ ಹೊಸದೊಂದು ನಲ್ಲಿ ಹಾಕಿಸುವುದಾಗಿ ಘೋಷಿಸಿದರು. ಇರುವ ನಲ್ಲಿಗೇ ನೀರಿಲ್ಲ, ಹೊಸ ನಲ್ಲಿ ಯಾಕೆ ಎಂದು ನಾನು ಕೇಳಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮೊದಲು ಚಪ್ಪಾಳೆ ಹೊಡೆದವರು ನನ್ನ ಗಂಡ.

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ನಲ್ಲಿಗೆ ಮಲ್ಲಿಗೆ ಹಾರ. ತಲೈವರಿಗೆ ಶಾಲು ಹೊದಿಸುವ ಕೆಲಸ ನನ್ನ ಗಂಡನಿಗೆ ಬಿದ್ದಿತ್ತು. ಅದಕ್ಕೆಂದು ಹೊಸ ಶರ್ಟು ಬೇರೆ. ತಪ್ಪಿಯಾದರೂ ನೀರು ಬಂದರೆ ಬರಲಿ ಎಂದು ನಾನು ಬಕೆಟ್ ಹಿಡಿದು ನಿಂತಿದ್ದೆ. ತಲೈವರ್ ಮೈಕಿನಲ್ಲಿ ತಾಯಿ, ಗಂಗೆ, ಕಾವೇರಿ ಎಲ್ಲವನ್ನೂ ನೆನೆದು ನಲ್ಲಿ ತಿರುಗಿಸಿದರು.

ಬುಸ್ಸ್ ಅಂತು. ಬರೀ ಗಾಳಿ.

ನಾನಾಗಿದ್ದರೆ ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದೆ. ತಲೈವರ್ ಮಾತ್ರ ಮೈಕು ಇನ್ನಷ್ಟು ಹತ್ತಿರ ಎಳೆದುಕೊಂಡು, "ಕಾಟ್ರು ವಂದಾಚ್ಚು! ತಣ್ಣಿಯುಂ ವರುಂ!" ಎಂದು ಗುಡುಗಿದರು. ಗಾಳಿ ಬಂದಾಯಿತು, ನೀರೂ ಬರುತ್ತದೆ! ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು.

ಮನೆಗೆ ಬಂದು, "ನಾಚಿಕೆ ಆಗಲ್ವೇನ್ರೀ ನಿಮಗೆ? ಗಾಳಿಗೆ ಶಾಲು ಹೊದಿಸಿದ್ರಲ್ಲ!" ಎಂದು ಬಯ್ದೆ. "ಅದೇ ಕಣೇ ನಾಯಕತ್ವ ಅಂದ್ರೆ. ಜನಕ್ಕೆ ಭರವಸೆ ಕೊಡ್ಬೇಕು" ಅಂದರು. ಆ ಹೊತ್ತು ಅವರಿಗೆ ಊಟಕ್ಕೆ ಬರೀ ಭರವಸೆ ಬಡಿಸಿದೆ.

ಕರ್ನಲ್ ತಪಾಸಣೆ

ಮುಂದಿನ ಚುನಾವಣೆಯಲ್ಲಿ ಎಲ್ಲರೂ ಸೇರಿ, ಈ ಜನಕ್ಕೆ ಮಿಲಿಟರಿಯೇ ಸರಿ ಎಂದು ಎರಡನೇ ಮಹಡಿಯ ರಿಟೈರ್ಡ್ ಕರ್ನಲ್‌ರನ್ನು ಗೆಲ್ಲಿಸಿದರು. ಕರ್ನಲ್ ಬೆಳಗಾವಿ ಕಡೆಯವರು, ಹೆಂಡತಿಯ ಊರು ಚೆನ್ನೈ ಎಂದು ಇಲ್ಲಿ ಬಂದು ನಿಂತವರು. ತಮಿಳು ಆಗಷ್ಟೇ ಕಲಿಯುತ್ತಿದ್ದರು. ನನಗಂತೂ ಜೀವ ಬಂದ ಹಾಗಾಯಿತು. ಸಿಟ್ಟನ್ನು ಕನ್ನಡದಲ್ಲೇ ಕಾರಬಹುದಲ್ಲ!

ಮರುದಿನವೇ ಕರ್ನಲ್ ಕೈ ಹಿಂದೆ ಕಟ್ಟಿ, ವಾಚ್‌ಮನ್‌ನನ್ನು ಹಿಂದಿಟ್ಟುಕೊಂಡು ನಮ್ಮ ಅಡುಗೆಮನೆಗೇ ಬಂದರು. ನಲ್ಲಿಯ ಎದುರು ಅಟೆನ್ಷನ್‌ನಲ್ಲಿ ನಿಂತು ಕೇಳಿದರು.

"ನೀರು ಯಾವಾಗ ಬರೂದಿಲ್ರಿ ಮೇಡಂ?"

"ಯಾವಾಗ್ಲೂ ಬರಲ್ಲ ಸರ್. ಬೆಳಿಗ್ಗೆನೂ ಇಲ್ಲ, ಸಾಯಂಕಾಲಾನೂ ಇಲ್ಲ."

"ಗುಡ್," ಅಂದರು ಕರ್ನಲ್. "ರೆಗ್ಯುಲರ್ ಐತಿ."

ಅವರು ವಾಚ್‌ಮನ್ ಕಡೆ ತಿರುಗಿ ತಮ್ಮ ಹೊಸ ತಮಿಳಿನಲ್ಲಿ ಟ್ಯಾಂಕು ಎಲ್ಲಿದೆ ಎಂದು ಕೇಳಿದರು. ಅವನು ಸೆಲ್ಯೂಟ್ ಹೊಡೆದು "ಮೊಟ್ಟೈ ಮಾಡಿ ಸಾರ್" ಅಂದ. ಕರ್ನಲ್ ಮುಖ ಕೆಂಪಾಯಿತು.

"ನೋಡ್ರಿ ಮೇಡಂ ಈ ಮಂದಿ! ನಾ ಟ್ಯಾಂಕ್ ಎಲ್ಲೈತಿ ಅಂತ ಕೇಳಿದ್ರ, ಇಂವ ಡ್ಯೂಟಿ ಮ್ಯಾಲೆ ಮೊಟ್ಟೆ ಮಾಡ್ರಿ ಅನ್ನಾಕತ್ತಾನ!"

ತಮಿಳಿನಲ್ಲಿ ಮೊಟ್ಟೈ ಮಾಡಿ ಅಂದರೆ ತಾರಸಿ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ವಾಚ್‌ಮನ್‌ಗೆ ಗೇಟಿನ ಸುತ್ತ ಓಡುವ ಶಿಕ್ಷೆ ಆಗಿಹೋಗಿತ್ತು. ತಪ್ಪು ತಿಳಿದ ಮೇಲಾದರೂ ನಿಲ್ಲಿಸಬೇಕೋ ಬೇಡವೋ? "ಆರ್ಡರ್ ಕೊಟ್ಟಾಗೈತ್ರಿ" ಅಂದರು. ಆ ಮುದುಕ ಓಡಿದ.

ತಡವಾಗಿ ಬಂದ ನೀರು

ಬೀಗ ಯಾವಾಗ ತೆಗೆಯುತ್ತೀರಿ ಎಂದು ಕೇಳಿದರೆ, ಮೊದಲು ಶಿಸ್ತು, ಆಮೇಲೆ ಟ್ಯಾಂಕು ಎಂದರು ಕರ್ನಲ್. ಕೊರಳಿಗೆ ಸೀಟಿ ಬಂತು. ಬೆಳಿಗ್ಗೆ ಆರಕ್ಕೆ ಸೀಟಿ ಊದಿದರೆ ಬೀದಿಯ ಪೈಪಿನಿಂದ ನಮ್ಮ ನೆಲದೊಳಗಿನ ಸಂಪ್ ತೊಟ್ಟಿಗೆ ನೀರು ಬಿಡುವುದು, ಇನ್ನೊಂದು ಸೀಟಿಗೆ ಮುಚ್ಚುವುದು.

ಆದರೆ ಬೀದಿಯ ಪೈಪಿಗೆ ಯಾರು ಹೇಳಬೇಕು? ಒಂದು ದಿನ ಆರಕ್ಕೆ ಬರಲಿಲ್ಲ. ಎರಡನೆಯ ಸೀಟಿ ಊದಿ, ಮುಚ್ಚಿ, ಕರ್ನಲ್ ವಾಕಿಂಗ್ ಹೊರಟರು. ಅಷ್ಟರಲ್ಲಿ ಬೀದಿಯ ಪೈಪು ಗೊರಗೊರ ಅಂತು. ನಾನು ಚಪ್ಪಲಿಯಿಲ್ಲದೆ ಮೂರು ಮಹಡಿ ಇಳಿದು ಓಡಿದೆ.

"ಸರ್, ಬಂತು! ತೆಗೀರಿ!"

ಕರ್ನಲ್ ಗಡಿಯಾರ ನೋಡಿಕೊಂಡರು. "ಲೇಟ್ ಬಂದವರನ್ನ ನಾವು ಒಳಗ ಬಿಡೂದಿಲ್ರಿ."

"ಸರ್, ಅದು ನೀರು!"

"ಯಾರಾದ್ರೇನ್ರಿ? ರೂಲ್ ಅಂದ್ರ ರೂಲ್."

ನೀರು ಗೇಟಿನವರೆಗೆ ಬಂದು, ಒಳಗೆ ಬಿಡದ ಕಾರಣ ಪಕ್ಕದ ಬಿಲ್ಡಿಂಗಿಗೆ ಹೋಯಿತು. ಅವತ್ತು ನನಗಷ್ಟೇ ಅಲ್ಲ, ಇಡೀ ಬಿಲ್ಡಿಂಗಿಗೆ ನೀರಿಲ್ಲ. ಗುಲಾಬಿ ಗಿಡಕ್ಕೂ ಇಲ್ಲ. ನನ್ನ ಗಂಡ ಮಾತ್ರ, "ನೋಡೇ, ಸಮಾನತೆ ಅಂದ್ರೆ ಇದು" ಎಂದು ಒಣಗಿದ ಬಾಯಿಯಲ್ಲಿ ಮೆಚ್ಚಿಕೊಂಡರು. ಬಕೆಟ್ ಎತ್ತಿದೆ. ಖಾಲಿ ಬಕೆಟ್, ಹಾಗಾಗಿ ಪೆಟ್ಟೇನೂ ಜೋರಾಗಿ ಬೀಳಲಿಲ್ಲ.

ತಣ್ಣಿ ಪಾರ್ಟಿ

ಆ ಒಂದು ದಿನದ ಬರಗಾಲದಿಂದ ಕೊನೆಗೂ ಎಲ್ಲರಿಗೂ ಬಿಸಿ ತಟ್ಟಿತು. ಟ್ಯಾಂಕು ತೊಳೆಯಲು ಕರ್ನಲ್ ಒಪ್ಪಿದರು. ಮಿಲಿಟರಿಯಲ್ಲಿ ಯಾವುದಾದರೂ ಕೆಲಸಕ್ಕೆ ಹಾಕುವ ತಂಡಕ್ಕೆ ಪಾರ್ಟಿ ಅನ್ನುತ್ತಾರಂತೆ. ನೀರಿನ ಕೆಲಸವಾದ್ದರಿಂದ ಇದು ನೀರಿನ ಪಾರ್ಟಿ. ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಕರ್ನಲ್ ತಮ್ಮ ಗಡಸು ದನಿಯಲ್ಲಿ ತಮಿಳು ಸಂದೇಶ ಬಿಟ್ಟರು: "ಸಂಡೇ ಕಾಲೈ ಆರು ಮಣಿ. ಮೊಟ್ಟೈ ಮಾಡಿ. ತಣ್ಣಿ ಪಾರ್ಟಿ. ಎಲ್ಲಾ ಆಂಬಳೈಯುಂ ವರಣುಂ."

ಭಾನುವಾರ ಬೆಳಿಗ್ಗೆ ಆರಕ್ಕೆ ಗಂಡಸರೆಲ್ಲ ತಾರಸಿಗೆ ಬರಬೇಕು ಎಂಬುದು ಸರಿಯಾಗಿಯೇ ಇತ್ತು. ಆದರೆ ಚೆನ್ನೈನಲ್ಲಿ ತಣ್ಣಿ ಅಂದರೆ ನೀರೂ ಹೌದು, ಎಣ್ಣೆಯೂ ಹೌದು. ಪಾರ್ಟಿ ಎಂಬ ಮಾತು ಪಕ್ಕಕ್ಕೆ ಸೇರಿದರೆ ನೀರು ಎಂದು ಯಾರೂ ತಿಳಿಯುವುದಿಲ್ಲ.

ಭಾನುವಾರ ನನ್ನ ಗಂಡ ಅಲಾರಾಂ ಇಲ್ಲದೆ ಎದ್ದರು. ಶೇವ್ ಮಾಡಿಕೊಂಡರು. ಜೇಬಿಗೆ ಹುರಿದ ಕಡಲೆಬೀಜದ ಪೊಟ್ಟಣ ಇಳಿಸಿದರು.

"ಎಲ್ಲಿಗ್ರೀ?"

"ಅಸೋಸಿಯೇಷನ್ ಕೆಲ್ಸ ಕಣೇ. ಮಿಲಿಟರಿಯವರು ಕರೆದಾಗ ಇಲ್ಲ ಅನ್ನೋಕಾಗುತ್ತಾ?"

ನಾನೂ ಹಿಂದೆಯೇ ಹತ್ತಿದೆ. ತಾರಸಿ ತುಂಬಿ ತುಳುಕುತ್ತಿತ್ತು. ಒಂದು ಮೀಟಿಂಗಿಗೂ ಮುಖ ತೋರಿಸದ ಗಂಡಸರೆಲ್ಲ ಹಾಜರ್. ಒಬ್ಬರ ಕೈಯಲ್ಲಿ ಮಿಕ್ಸ್ಚರ್, ಒಬ್ಬರ ಕೈಯಲ್ಲಿ ಐಸ್ ಡಬ್ಬ, ಒಬ್ಬರು ಮಡಚುವ ಕುರ್ಚಿಯನ್ನೇ ಹೊತ್ತು ತಂದಿದ್ದರು. ಕರ್ನಲ್ ಕಣ್ಣಲ್ಲಿ ನೀರು. "ಇಂಥಾ ಹುರುಪು ನಾ ಬಾರ್ಡರ್‌ನ್ಯಾಗೂ ನೋಡಿಲ್ರಿ!" ಎನ್ನುತ್ತ ಒಬ್ಬೊಬ್ಬರ ಕೈಗೂ ಪೊರಕೆ ಕೊಟ್ಟರು. ಆಗಿನ ಮುಖಗಳನ್ನು ನೀವು ನೋಡಬೇಕಿತ್ತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಗದ್ದಲ. ತಲೈವರ್ ತಮ್ಮ ಹಿಂಬಾಲಕರ ಜೊತೆ ಶಾಲು ಹಿಡಿದು ಬಂದರು. ಪಾರ್ಟಿ ಅಂದದ್ದನ್ನು ಅವರು ಅವರದೇ ಅರ್ಥದಲ್ಲಿ ಕೇಳಿಸಿಕೊಂಡಿದ್ದರು. ಕರ್ನಲ್ ನೀರಿನ ಹೆಸರಲ್ಲಿ ಹೊಸ ಪಕ್ಷ ಕಟ್ಟಿದ್ದಾರೆ, ಬಿಲ್ಡಿಂಗೇ ಸೇರಿಬಿಟ್ಟಿದೆ ಎಂದು ಗಾಬರಿಯಾಗಿ, ಮೈತ್ರಿ ಮಾತಾಡಲು ಬಂದಿದ್ದರು.

ಇಬ್ಬರೂ ಒಟ್ಟಿಗೆ

ಕರ್ನಲ್ ಬೀಗ ತೆಗೆದರು. ನಾನು ಕಾದ ಬೀಗ! ಒಳಗೆ ಮೊಣಕಾಲುದ್ದ ಕಪ್ಪು ಕೆಸರು.

"ಯಾರು ಮೊದಲ ಇಳೀತೀರಿ?" ಎಂದರು ಕರ್ನಲ್. ಗಂಡಸರೆಲ್ಲ ಆಕಾಶ ನೋಡಿದರು. ನೀವೇ ಇಳಿಯಿರಿ ಸರ್ ಎಂದು ನಾನೆಂದರೆ, "ಕಮಾಂಡರ್ ಮ್ಯಾಲಿಂದ ನೋಡ್ಬೇಕ್ರಿ" ಅಂದರು. ತಲೈವರ್ ತಕ್ಷಣ ಮಡಚುವ ಕುರ್ಚಿಯ ಮೇಲೆ ಹತ್ತಿ ಶ್ರಮದ ಮಹತ್ವದ ಬಗ್ಗೆ ಭಾಷಣ ತೆಗೆದರು. ಎಲ್ಲರೂ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ ಚಪ್ಪಾಳೆ ಹೊಡೆದರು. ಒಬ್ಬನೂ ಅಲುಗಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ಥೂ ನಿಮ್ಮ! ಒಬ್ಬರಿಗೆ ಬಾಯಿ, ಒಬ್ಬರಿಗೆ ಸೀಟಿ! ಕೈ ಯಾರಿಗೂ ಇಲ್ವಾ?" ಎಂದು ಕಿರುಚಿದೆ. ಕನ್ನಡ ಬರುವವರು ಅಲ್ಲಿ ಮೂರೇ ಜನ, ಆದರೆ ಅರ್ಥವಾಗದವರು ಯಾರೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಟ್ಯಾಂಕಿನೊಳಗೆ ಇಳಿದೆ.

ಇಳಿದ ಮೇಲಾದರೂ ಸುಮ್ಮನಿರಬೇಕಲ್ಲ? ಮೇಲಿಂದ ಕರ್ನಲ್, "ಲೆಫ್ಟ್ ಮೇಡಂ, ಲೆಫ್ಟ್!" ಇನ್ನೊಂದು ಕಡೆಯಿಂದ ತಲೈವರ್, ನನ್ನನ್ನು ವೀರಮಂಗೈ, ಅಂದರೆ ವೀರನಾರಿ, ಕರ್ನಾಟಕ ಹೆತ್ತ ತಮಿಳುಮಗಳು ಎಂದು ಹೊಗಳತೊಡಗಿದರು. ನಾನು ಒಂದು ಬಕೆಟ್ ಕೆಸರು ತುಂಬಿ, ದನಿ ಬಂದ ಕಡೆಗೆ ಬೀಸಿ ಎಸೆದೆ. ಬಿಳಿ ಪಂಚೆ, ಸೀಟಿ, ಎರಡಕ್ಕೂ ಸಮಪಾಲು. ಗದ್ದಲ ಕೇಳಿ ಹೆಂಗಸರೆಲ್ಲ ಮೇಲೆ ಬಂದರು. ಯಾರ ಆರ್ಡರಿಗೂ ಕಾಯದೆ ಬಕೆಟ್ ಹಿಡಿದು ಅವರೂ ಇಳಿದರು. ಬಿಸಿಲೇರುವಷ್ಟರಲ್ಲಿ ಟ್ಯಾಂಕು ಫಳಫಳ.

ಮೋಟರ್ ಹಾಕಿಸಿ ಕೆಳಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಧೋ ಎಂದು ಬಂತು. ಕೆಸರು ಕೈ ಒಡ್ಡಿ ನಿಂತು, ಯಾಕೋ ಗೊತ್ತಿಲ್ಲ, ಅತ್ತುಬಿಟ್ಟೆ. ಮಗಳು ನೋಡಿ, "ಅಳಾದೇ ಮಾ, ಫಸ್ಟ್ ನೀ ಕುಳಿ" ಅಂದಳು, ಅಳಬೇಡ, ಮೊದಲು ನೀನು ಸ್ನಾನ ಮಾಡು ಅಂತ. ಬಚ್ಚಲಿಗೆ ಹೋದರೆ ಬಾಗಿಲು ಹಾಕಿತ್ತು. ತಾರಸಿಯಲ್ಲಿ ಪೊರಕೆ ಹಿಡಿದು ನಿಂತು ದಣಿದ ನನ್ನ ಗಂಡ ಆಗಲೇ ಷವರ್ ಕೆಳಗೆ ಹಾಡುತ್ತಿದ್ದರು.

ಅಷ್ಟರಲ್ಲಿ ಫೋನು ಟಿಂಗ್ ಅಂತು. ವಾಟ್ಸಾಪಿನಲ್ಲಿ ಕರ್ನಲ್ ತಮ್ಮ ಪಾರ್ಟಿಯ ಗಂಡಸರಿಗೆಲ್ಲ ಶಹಬ್ಬಾಸ್ ಹೇಳಿದ್ದರು. ಕಿಟಕಿಯಿಂದ ನೋಡಿದರೆ, ತಲೈವರ್ ನೀರು ತಂದರು ಎಂದು ಅವರ ಹಿಂಬಾಲಕರು ಗೇಟಿಗೆ ಫ್ಲೆಕ್ಸ್ ಕಟ್ಟುತ್ತಿದ್ದರು. ಎರಡರಲ್ಲೂ ನಾನಿರಲಿಲ್ಲ. ಕೆಸರು ಮೆತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದೆ.

ಬಚ್ಚಲಿನೊಳಗಿಂದ ಸೋಪಿನ ನೊರೆಯ ನಡುವೆ ಗಂಡನ ದನಿ ಬಂತು. "ನೋಡಿದ್ಯೇನೇ! ಒಬ್ಬರಿಂದ ಆಗಲ್ಲ. ರಾಜಕೀಯ, ಮಿಲಿಟರಿ, ಎರಡೂ ನಾಯಕತ್ವ ಸೇರಿದ್ರೆ ನೀರು ಹೆಂಗೆ ಬರುತ್ತೆ ನೋಡು!"

ಬಚ್ಚಲಿಗೆ ಹೋಗುವ ಪೈಪಿನ ವಾಲ್ವು ನಮ್ಮ ಅಡುಗೆಮನೆಯ ಹಿಂದಿದೆ. ಹೋಗಿ ತಿರುಗಿಸಿದೆ.

"ಏನೇ! ನೀರು ನಿಂತ್ಹೋಯ್ತು! ಕಣ್ಣಲ್ಲೆಲ್ಲ ಸೋಪು ಕಣೇ!"

"ಹೌದೇನ್ರೀ?" ಅಂದೆ. "ಇಬ್ಬರೂ ಕೆಳಗೇ ಇದ್ದಾರೆ. ಯಾವ ನಾಯಕರನ್ನ ಕರೀಲಿ ಹೇಳಿ."