ಬುಡದ ಎಲೆ ನೋಡಿ ಮರದ ಹೆಸರು ಹೇಳಿದ ಯಂತ್ರಕ್ಕೆ

ಮಾನ್ಯ ವಂಶವಾಹಿ ಪರೀಕ್ಷಾ ಯಂತ್ರದವರೇ,

ಬದುಕಿರುವ ಮರವೊಂದನ್ನು ತಾವು ಬೇರೊಂದರ ಹೆಸರಿನಲ್ಲಿ ಸಾವಿಗೆ ಒಪ್ಪಿಸಿದ್ದೀರಿ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಸೌಜನ್ಯಕ್ಕೆ ಧಾರಾಳ ಜಾಗ ಉಳಿಯುತ್ತದೆಂದು ನಂಬಿ, ಹೆರೆಫರ್ಡ್‌ಶೈರಿನ ನಮ್ಮ ಹಳ್ಳಿಯ ಪರವಾಗಿ ತಮಗೂ ತಮ್ಮ ತಣ್ಣನೆಯ ಕೋಣೆಗೂ ಗೌರವಪೂರ್ವಕ ವಂದನೆಗಳನ್ನು ಅರ್ಪಿಸುತ್ತೇನೆ.

ಗ್ರಂಥಾಲಯದ ಬಾಗಿಲಲ್ಲಿ ಬಿಟ್ಟಿ ಸಿಗುವ ಕರಪತ್ರಗಳಲ್ಲಿ ತಮ್ಮ ಮಹಿಮೆಯನ್ನು ಓದಿದವಳು ನಾನು. ಎಲೆಯನ್ನು ಹೆಪ್ಪುಗಟ್ಟಿಸಿ, ಪುಡಿಮಾಡಿ, ಅದರೊಳಗಿನ ವಂಶದ ಎಳೆಯನ್ನು ಬಿಡಿಸಿ, ಕಾಯಿಸಿ ತಣಿಸಿ ಕೋಟಿ ನಕಲು ತೆಗೆದು, ಇದು ಇಂಥ ಸೇಬೇ ಎಂದು ಹೇಳಬಲ್ಲ ತಮ್ಮನ್ನು ಕರೆಸಲೇಬೇಕೆಂದು ಗ್ರಾಮಸಭೆಯಲ್ಲಿ ಮೇಜು ಗುದ್ದಿದವಳೂ ನಾನೇ. ಸಭಾಭವನದ ಹಿಂದಿರುವ ನಮ್ಮ 'ವಿಧವೆಯ ಕೆನ್ನೆ' ಸೇಬು ಆ ಜಾತಿಯ ಕೊನೆಯ ಮರ. ಅದು ಅಪರೂಪದ್ದೆಂದು ತಾವು ಬರೆದುಕೊಟ್ಟರೆ ಅಲ್ಲಿ ಕಾರು ನಿಲ್ಲಿಸುವ ಅಂಗಳ ಬರುವುದಿಲ್ಲವೆಂದು ಸಭೆಯೂ ಒಪ್ಪಿತ್ತು. ನಲವತ್ತು ವರ್ಷ ಆ ಹಣ್ಣು ಹಿಂಡಿ ಸೈಡರ್ ಮದ್ಯ ಮಾಡಿದ ಸಿಲಾಸ್ ಗ್ವಿಲಿಯಂ ಮಾತ್ರ, "ನನ್ನ ನಾಲಿಗೆಗೆ ಗೊತ್ತಿರೋ ಹೆಸರಿಗೆ ಕಾಗದ ಯಾಕೆ ಹುಡ್ಗಿ?" ಎಂದಿದ್ದ.

ಜೂನ್‌ನಲ್ಲಿ ತಮ್ಮ ಪ್ರತಿನಿಧಿ ಡಾ. ಲಾಂಗ್‌ಮೋರ್ ಚಿಮುಟ, ಕೈಗವಸು, ಪುಟ್ಟ ಚೀಲಗಳ ಸಮೇತ ದಯಮಾಡಿಸಿದರು. ತಾವು ತಿಳಿಯದಿರುವುದೇನಿದೆ, ಸೇಬಿನ ಮರವೆಂದರೆ ಒಂದರ ಬೇರಿಗೆ ಇನ್ನೊಂದರ ಕೊಂಬೆಯನ್ನು ಕಸಿ ಕಟ್ಟಿ ಬೆಳೆಸಿದ್ದು. ಕಸಿಯ ಗಂಟಿನ ಕೆಳಗೆ ಚಿಗುರುವುದು ಯಾವುದೋ ಕಾಡುಬೇರಿನ ಸೊಪ್ಪು. ಅವರು ಬಗ್ಗಿ ಅದನ್ನೇ ಕಿತ್ತರು.

"ಅಯ್ಯೋ ತಾಯಿ, ಅದು ಬುಡದ ಚಿಗುರು! ಸೇಬು ಮೇಲಿದೆ, ಕತ್ತೆತ್ತಿ ನೋಡು," ಎಂದ ಸಿಲಾಸ್.

"ನಮಗೆ ಏಣಿ ಹತ್ತೋ ಹಾಗಿಲ್ಲ ಸಾರ್, ಸುರಕ್ಷತಾ ನಿಯಮ. ಮರ ಒಂದೇ ಅಲ್ವಾ? ಎಲೆ ಎಲ್ಲಿದ್ರೂ ಎಲೆನೇ."

"ಹಂಗಾದ್ರೆ ನನ್ನ ಬೂಟು ಒಯ್ದು ನಾನ್ಯಾರು ಅಂತ ಕೇಳ್ಬಿಡು!"

ಅವರು ನಕ್ಕು ಚೀಲಕ್ಕೆ ಅಂಟು ಹಚ್ಚಿದರು.

ತಾವು ಸುಳ್ಳು ಹೇಳಲಿಲ್ಲ. ಅದೇ ತಮ್ಮ ದೊಡ್ಡತನ. ಬೇರಿನ ಎಲೆ ಕೊಟ್ಟರು, ಬೇರು ಎಂದಿರಿ: "ಸಾಮಾನ್ಯ ಬೇರುಗಿಡ, ಸಂರಕ್ಷಣೆಗೆ ಅನರ್ಹ." ಅಷ್ಟು ನಿಖರವಾದ ಉತ್ತರದ ಮುಂದೆ ನೆತ್ತಿಯ ಮೇಲೆ ಕೆಂಪಗೆ ತೂಗುತ್ತಿದ್ದ ಎರಡು ಸಾವಿರ ಹಣ್ಣುಗಳ ಸಾಕ್ಷ್ಯ ಯಾರಿಗೆ ಬೇಕು? ಮರುಪರೀಕ್ಷೆ ಕೇಳಿದೆ, ಮುಂದಿನ ಜೂನ್‌ವರೆಗೆ ಎಲೆ ಸ್ವೀಕರಿಸುವುದಿಲ್ಲವಂತೆ. ಹೊಸ ಸಸಿ ಕಟ್ಟೋಣವೆಂದರೆ ಕಸಿಕಡ್ಡಿ ಕತ್ತರಿಸುವುದು ಮರ ನಿದ್ರಿಸುವ ಜನವರಿಯಲ್ಲಿ; ಸಭೆ ಕೊಡಲಿಗೆ ದಿನ ಗೊತ್ತುಮಾಡಿರುವುದು ಇದೇ ಅಕ್ಟೋಬರ್‌ನಲ್ಲಿ.

ಆದ್ದರಿಂದ ನನ್ನ ಬೇಡಿಕೆಗಳು ಅತ್ಯಲ್ಪ. ಜನವರಿಯನ್ನು ಈ ವಾರಕ್ಕೆ ಎಳೆದು ತರಬೇಕು. ಅದಾಗದಿದ್ದರೆ, ಜೊತೆಗಿಟ್ಟಿರುವ ಸಭಾಧ್ಯಕ್ಷರ ಕಾಲುಗುರಿನ ಚೂರನ್ನು ಪರೀಕ್ಷಿಸಿ, ಅವರಿಗೆ ತಲೆ ಇದೆಯೋ ಇಲ್ಲವೋ ಲಿಖಿತವಾಗಿ ತಿಳಿಸಬೇಕು. ಅದೂ ಆಗದಿದ್ದರೆ ಡಾ. ಲಾಂಗ್‌ಮೋರ್‌ರಿಗೆ ಒಂದು ಏಣಿ ಮಂಜೂರು ಮಾಡಬೇಕು.

ತಮ್ಮ ನಿಖರತೆಯನ್ನು ಇನ್ನೂ ನಂಬಿರುವ, ತಮ್ಮ ವಿಶ್ವಾಸಿ,
ರೊವೀನಾ ಬೆಡ್ಡೋಸ್

ಮರೆತ ಮಾತು: ಏಣಿ ಸಿಗದಿದ್ದರೂ ಚಿಂತೆಯಿಲ್ಲ. ಸಿಲಾಸ್‌ನದನ್ನು ಎರವಲು ತಂದಿದ್ದೇನೆ. ನಾನು ಹತ್ತಿದ ಮೇಲೆ ಅವನು ಅದನ್ನು ಮನೆಗೆ ಒಯ್ಯುತ್ತಾನೆ. ಕಡಿಯುವವರು ಎಂಟಕ್ಕೆ ಬರುತ್ತಾರೆ. ಕಸಿಯ ಗಂಟಿನಿಂದ ಹದಿನೈದು ಅಡಿ ಮೇಲೆ, ಸರಿಯಾದ ಎಲೆಯನ್ನು ಕೈಯಲ್ಲಿ ಹಿಡಿದು ನಾನು ಕಾಯುತ್ತಿರುತ್ತೇನೆ: ಅಕ್ಟೋಬರ್ ಹದಿಮೂರು, ಸೋಮವಾರ, ಬೆಳಿಗ್ಗೆ ಏಳು ಗಂಟೆಯಿಂದ.