ಮೂರನೇ ಡಬ್ಬಿ, ಎಂಟನೇ ಮುಚ್ಚಳ

ಜಗತ್ತಿನ ಅತಿ ಕೆಟ್ಟ ಕೌಬಾಯ್ ಸಿನಿಮಾಗಳ ಮಾನ ಹರಾಜು ಹಾಕಿಯೇ ತೀರುತ್ತೇನೆ ಎಂದು ಪಟಪಟಿ ಆ ಗುರುವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಶಪಥ ಮಾಡಿದಳು. ಅದೇನು ಸಾಮಾನ್ಯ ಶಪಥವೇ? ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಹನ್ನೆರಡು ಪುಟದ ಲೇಖನ, ತಲೆಯ ಮೇಲೆ ಅಪ್ಪನ ಹಳೇ ಟೋಪಿ!

"ಟೋಪಿ ಕೆಳಗಿಡು. ಅದ್ರಲ್ಲಿ ನಾನು ಈರುಳ್ಳಿ ಹಾಕಿಡ್ತೀನಿ," ಅಂದಳು ಅಮ್ಮ.

ಅಮ್ಮನೇ ಹಾಗೆ. ಮನೆಯಲ್ಲಿ ಯಾವ ವಸ್ತುವೂ ಒಂದೇ ಕೆಲಸಕ್ಕೆ ಹುಟ್ಟಿದ್ದಲ್ಲ ಅನ್ನುವುದು ಅವಳ ಸಿದ್ಧಾಂತ. ಹಾಗೆಯೇ ಯಾವ ವಸ್ತುವೂ ತೊಳೆಯದೆ ಇರಕೂಡದು ಅನ್ನುವುದು ಇನ್ನೊಂದು ಸಿದ್ಧಾಂತ. ಈ ಎರಡನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪಟಪಟಿ ಅನ್ನುವುದು ಬಾಯಿಗೆ ಬ್ರೇಕ್ ಇಲ್ಲದ್ದಕ್ಕೆ ಕಾಲೇಜಿನವರು ದಯಪಾಲಿಸಿದ ಬಿರುದು. ಆದರೆ ಈ ವಿಷಯದಲ್ಲಿ ಮಾತಾಡುವ ಅಧಿಕಾರ ಅವಳಿಗೆ ನಿಜವಾಗಿಯೂ ಇತ್ತು. ಅವಳಪ್ಪ ಇಪ್ಪತ್ತೆರಡು ವರ್ಷದಿಂದ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ಬೇರೆ ಮಕ್ಕಳು ಅಜ್ಜಿಯ ಕಥೆ ಕೇಳಿ ನಿದ್ದೆ ಹೋದರೆ, ಇವಳು ಪ್ರೊಜೆಕ್ಟರ್ ರೂಮಿನ ಸ್ಟೂಲ್ ಹತ್ತಿ, ಗೋಡೆಯ ಚೌಕದ ಕಿಂಡಿಯಿಂದ ಕುದುರೆಗಳ ಲೆಕ್ಕ ಹಾಕುತ್ತಾ ನಿದ್ದೆ ಹೋದವಳು. ನೂರಾ ಹನ್ನೆರಡು ಕೌಬಾಯ್ ಸಿನಿಮಾ! ಕಾಲೇಜಿನ ವಾರ್ಷಿಕ ಸಂಚಿಕೆಗೆ ಸಂಪಾದಕಿಯಾಗಲು ಇದಕ್ಕಿಂತ ಅರ್ಹತೆ ಬೇಕೇ?

"ಕೇಳಮ್ಮಾ, ಓಪನಿಂಗ್ ಹೇಗಿದೆ ನೋಡು," ಎಂದು ಶುರು ಮಾಡಿದಳು. "'ಕೌಬಾಯ್ ಸಿನಿಮಾದ ಪೋಸ್ಟರ್ ನಮಗೆ ಇಡೀ ಆಕಾಶವನ್ನೇ ಕೊಡುತ್ತೇನೆ ಅನ್ನುತ್ತದೆ. ಒಳಗೆ ಹೋಗಿ ಕೂತರೆ ಅದೇ ಬಂಡೆಯ ಪಕ್ಕ ಅದೇ ಕುದುರೆ ನಾಲ್ಕು ಸಲ ಓಡುತ್ತದೆ. ಮರುಭೂಮಿ ಅಷ್ಟು ದೊಡ್ಡದು, ಕಥೆ ಮಾತ್ರ ನಮ್ಮ ಹಿತ್ತಲಷ್ಟೂ ಇಲ್ಲ!'"

"ಹಿತ್ತಲಿನ ಸುದ್ದಿ ಯಾಕೆ? ಗುಡಿಸು ಅಂದ್ರೆ ಗುಡಿಸಲ್ಲ."

ಪಟಪಟಿ ಕೇಳಿಸಿಕೊಳ್ಳಲಿಲ್ಲ. ಐದನೇ ಸ್ಥಾನ, 'ಹನ್ನೊಂದನೇ ಗುಂಡು': ಆರು ಗುಂಡಿನ ಪಿಸ್ತೂಲಿನಿಂದ ಹೀರೋ ಒಂದೇ ಉಸಿರಿಗೆ ಹತ್ತೊಂಬತ್ತು ಗುಂಡು ಹಾರಿಸುತ್ತಾನೆ, ಅವಳೇ ಎಣಿಸಿದ್ದಾಳೆ! ನಾಲ್ಕನೇ ಸ್ಥಾನ, 'ಕುದುರೆಗಳ್ಳನ ಮದುವೆ': ಕುದುರೆ ಕಣಿವೆಗೆ ಇಳಿಯುವಾಗ ಕಪ್ಪು, ಹತ್ತಿ ಬರುವಾಗ ಕಂದು. ಮೂರನೆಯದು 'ಬಾಯಾರಿದ ಬೆಟ್ಟ': ಮೂರು ದಿನ ನೀರಿಲ್ಲದೆ ತೆವಳಿದ ಹೀರೋನ ಕೆನ್ನೆ ಆಗ ತಾನೇ ಕ್ಷೌರದಂಗಡಿಯಿಂದ ಎದ್ದು ಬಂದಂತೆ ನುಣ್ಣಗೆ! ಎರಡನೆಯದು 'ಶೆರೀಫನ ಸೋದರಳಿಯ': ವಿಲನ್ ಬಂದೂಕು ಹಿಡಿದು ಎಷ್ಟು ಹೊತ್ತು ಗಹಗಹಿಸುತ್ತಾನೆಂದರೆ, ಅಷ್ಟರಲ್ಲಿ ಹೀರೋ ಕೈಗೆ ಕಟ್ಟಿದ ಹಗ್ಗ ಬಿಚ್ಚಿ, ಟೋಪಿ ಹುಡುಕಿ, ಧೂಳು ಕೊಡವಿ, ಕುದುರೆಯ ಕುತ್ತಿಗೆ ಸವರಿ ಬರುತ್ತಾನೆ.

"ಆ ಊರಲ್ಲಿ ಯಾರೂ ಅಡುಗೆ ಮಾಡಲ್ವೇನೇ? ಬೆಳಗಿಂದ ಸಂಜೆವರೆಗೂ ಎಲ್ರೂ ಬೀದೀಲೇ ನಿಂತಿರ್ತಾರೆ!"

"ಸೂಪರ್ ಪಾಯಿಂಟ್ ಅಮ್ಮಾ!" ಪಟಪಟಿ ಅಲ್ಲೇ ಅಂಚಿನಲ್ಲಿ ಗೀಚಿಕೊಂಡಳು. ಅಷ್ಟರಲ್ಲಿ ಅಪ್ಪ ಮ್ಯಾಟಿನಿ ಮುಗಿಸಿ ಬಂದು ಚಹಾ ಲೋಟ ಹಿಡಿದು ಕೂತಿದ್ದರು. "ಈಗ ಕೇಳಪ್ಪಾ, ನಂಬರ್ ಒನ್. ಭೂಮಿ ಹುಟ್ಟಿದಾಗಿನಿಂದ ಬಂದ ಅತಿ ಕೆಟ್ಟ ಕೌಬಾಯ್ ಸಿನಿಮಾ: 'ಸತ್ತವನ ಟೋಪಿ'!"

ಅಪ್ಪನ ಲೋಟ ತುಟಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಹೀರೋನ ಅರ್ಧ ಗಂಟೇಲೇ ಹೂತು ಹಾಕ್ತಾರೆ! ಶಿಲುಬೆ ಮೇಲೆ ಟೋಪಿ ನೇತಾಕ್ತಾರೆ, 'ಮುಕ್ತಾಯ' ಅಂತ ಅಕ್ಷರಾನೂ ಬರುತ್ತೆ. ಜನ ಎದ್ದು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಅದೇ ಹೀರೋ ಅದೇ ಟೋಪಿ ಹಾಕ್ಕೊಂಡು ಕುದುರೆ ಮೇಲೆ ಬರ್ತಾನೆ! ಯಾರಿಗೂ ಆಶ್ಚರ್ಯ ಇಲ್ಲ! ಒಂದು ಗಂಟೆ ಸಂಸಾರ ಮಾಡ್ತಾನೆ. ಆಮೇಲೆ ಕಟ್ಟಕಡೆಗೆ ಹೆಂಡ್ತಿ ಹತ್ರ ಹೋಗಿ, 'ನಿಮ್ಮ ಹೆಸರೇನು?' ಅಂತ ಕೇಳ್ತಾನೆ. ಅಷ್ಟೇ! ಲೈಟ್ ಆನ್! ನನಗಾಗ ಎಂಟು ವರ್ಷ. ಆ ಶಾಕ್ ಇನ್ನೂ ಹೋಗಿಲ್ಲ."

"ಮರಿ," ಅಂದರು ಅಪ್ಪ. "ಅದೊಂದನ್ನ ತೆಗೆದುಬಿಡು."

"ಆಗಲ್ಲಪ್ಪಾ, ಮಧ್ಯಾಹ್ನಾನೇ ಕೊಟ್ಟಾಯ್ತು. ಇಂಗ್ಲಿಷ್ ಮೇಷ್ಟ್ರು ಓದಿ ಟೇಬಲ್ ಕುಟ್ಟಿದ್ರು! ಅವರಿಗೆ ಅದು ಲೋಕದಲ್ಲೇ ಶ್ರೇಷ್ಠ ಸಿನಿಮಾ ಅಂತೆ. 'ಸಾವೇ ಮುಕ್ತಾಯವಲ್ಲ' ಅಂತ ನಲವತ್ತು ಪುಟದ ಪ್ರಬಂಧ ಬರೆದಿದ್ದಾರಂತೆ. ಅದಕ್ಕೇ ಚಾಲೆಂಜ್! ಭಾನುವಾರ ಬೆಳಿಗ್ಗೆ ಕಾಲೇಜಿಗೆಲ್ಲ ಆ ಸಿನಿಮಾ ತೋರಿಸ್ತಾರೆ, ನಿಮ್ಮ ಟಾಕೀಸಲ್ಲೇ! ನೋಡಿ ಜನ ಕೆಟ್ಟದ್ದು ಅಂತ ಕೈ ಎತ್ತಿದ್ರೆ ನಾನೇ ಸಂಪಾದಕಿ. ನಿಮ್ಮ ಓನರ್ ಎಷ್ಟು ಖುಷಿಯಾಗಿದ್ದಾರೆ ಅಂದ್ರೆ, ಗೋಡೌನಿಂದ ಪ್ರಿಂಟ್ ತೆಗೆಸಿ ಸಂಜೆ ಆಟಕ್ಕೂ ಅದನ್ನೇ ಹಾಕಿಸ್ತಾರಂತೆ. ಅವರೂ ಬಂದು ಕೂರ್ತಾರೆ!"

ಲೋಟ ಕೆಳಗಿಟ್ಟ ಅಪ್ಪನ ಮುಖ ಬಿಳಿ ಪರದೆಯಂತಾಗಿತ್ತು. ಸಿನಿಮಾ ಶುರುವಾಗುವ ಮುಂಚಿನ ಪರದೆ!

"ಆ ಸಿನಿಮಾ ಹಾಗಿಲ್ಲ ಮರಿ," ಅಂದರು ಮೆಲ್ಲಗೆ. "ಅದು ಎಂಟು ರೀಲಿನ ಸಿನಿಮಾ. ಹೀರೋ ಸಾಯೋದು ಎಂಟನೇ ರೀಲಲ್ಲಿ. ನಾನು ಅದನ್ನ ಮೂರನೇದಾಗಿ ಹಾಕ್ದೆ. ಮೂರನೇದು ಕೊನೇಗೆ ಹೋಯ್ತು."

ಪಟಪಟಿಯ ಬಾಯಿ ತೆರೆದಿದ್ದು ತೆರೆದಂತೆಯೇ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಅದರಿಂದ ಶಬ್ದ ಬಾರದೆ ಇದ್ದದ್ದು ಅದೇ ಮೊದಲು.

"ಫಿಲ್ಮಿನಲ್ಲಿ ಅಂಟು ಬಿಟ್ಟಿದ್ದ ಜಾಗ ಸರಿ ಮಾಡೋಣ ಅಂತ ರೀಲಿನ ಡಬ್ಬಿಗಳನ್ನ ಮನೆಗೆ ತಂದಿದ್ದೆ. ನಂಬರ್ ಇರೋದು ಮುಚ್ಚಳದ ಮೇಲೆ. ನಿಮ್ಮಮ್ಮ ಎಂಟೂ ಮುಚ್ಚಳಾನ ಫಳಫಳ ಅಂತ ತೊಳೆದು, ಒಣಗಿಸಿ, ಸಿಕ್ಕ ಸಿಕ್ಕ ಡಬ್ಬಿಗೆ ಮುಚ್ಚಿದ್ಲು. ಆರು ಅದೃಷ್ಟಕ್ಕೆ ಸರಿ ಕೂತ್ವು. ಒಳಗೆ ಫಿಲ್ಮಿನ ತುದೀಲೂ ನಂಬರ್ ಇರುತ್ತೆ, ನೋಡ್ಬೇಕಿತ್ತು. ಹೌಸ್ ಫುಲ್, ಶಿಳ್ಳೆ ಹಾಕ್ತಿದ್ರು, ನೋಡ್ಲಿಲ್ಲ."

"ಹೇಳ್ಬಾರದಿತ್ತಾ?" ಅಂದಳು ಪಟಪಟಿ.

"ಹೇಳೋಷ್ಟರಲ್ಲಿ ಜನ ಎರಡನೇ ಆಟಕ್ಕೆ ಕ್ಯೂ ನಿಂತಿದ್ರು, ಅರ್ಥ ಆಗ್ಲಿಲ್ಲ ಅಂತ! ಸತ್ತವನು ಅವಳಿ ಅಣ್ಣ ಅಂತ ಒಂದು ಪಾರ್ಟಿ, ಎಲ್ಲಾ ಕನಸು ಅಂತ ಇನ್ನೊಂದು ಪಾರ್ಟಿ. ಮೂರು ವಾರ ಓಡ್ತು. ಅರವತ್ಮೂರು ಆಟಾನೂ ನಾನು ತಪ್ಪಾಗೇ ಹಾಕ್ದೆ. ಓನರ್ ಏಳು ಸಲ ನೋಡಿದ್ದಾರೆ ಮರಿ."

ಪ್ರೊಜೆಕ್ಟರ್ ರೂಮಿನ ಗೋಡೆಯ ಮೇಲೆ ಓನರ್ ಕೈಯಾರೆ ಬರೆದು ಅಂಟಿಸಿದ ಬೋರ್ಡ್ ಪಟಪಟಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಅವಳು ಅಕ್ಷರ ಕಲಿತದ್ದೇ ಅದರಲ್ಲಿ! 'ರೀಲು ಹಿಂದುಮುಂದಾದರೆ ಆಪರೇಟರ್ ಮನೆಗೆ.' ಅಪ್ಪನಿಗಿಂತ ಮುಂಚೆ ಇದ್ದವರು ಹಾಗೆಯೇ ಮನೆಗೆ ಹೋಗಿ, ಈಗ ಬಸ್ ಸ್ಟ್ಯಾಂಡ್ ಎದುರು ಛತ್ರಿ ರಿಪೇರಿ ಮಾಡುತ್ತಾರೆ. ಭಾನುವಾರ ಸಿನಿಮಾ ಸರಿಯಾಗಿ ಓಡಿದರೆ ಅವತ್ತಿನ ತಪ್ಪು ಬಯಲು. ಅಪ್ಪನ ಕೆಲಸ ಹೋಗುತ್ತದೆ, ಅದೂ ಅವಳ ಲೇಖನದಿಂದ!

ಶುಕ್ರವಾರ ಅವಳು ಮೇಷ್ಟ್ರ ಮೇಜಿನ ಮುಂದೆ ನಿಂತು, "ಸರ್, ನಂಬರ್ ಒನ್ ಚೇಂಜ್ ಮಾಡ್ತೀನಿ ಸರ್, ನಂಬರ್ ಟೂನೇ ಒನ್ ಮಾಡ್ತೀನಿ, ಅದರಲ್ಲಿ ಸೋದರಳಿಯ ತುಂಬಾನೇ ಕೆಟ್ಟದಾಗಿದ್ದಾನೆ ಸರ್," ಎಂದು ಬೇಡಿಕೊಂಡಳು.

"ಹೆದರಿಕೊಂಡ್ಯಾ?" ಅಂದರು ಮೇಷ್ಟ್ರು ಪರಮಾನಂದದಿಂದ. "ಭಾನುವಾರ ಒಂಬತ್ತೂವರೆಗೆ ಬಾ."

ಹಾಗಾಗಿ ಉಳಿದದ್ದು ಒಂದೇ ದಾರಿ: ತಪ್ಪನ್ನು ಸರಿಯಾಗಿ ಮಾಡುವುದು! ಶನಿವಾರ ಮಧ್ಯಾಹ್ನ ಅಪ್ಪ ಧೂಳು ಒರೆಸುವ ನೆಪದಲ್ಲಿ ಎಂಟೂ ಡಬ್ಬಿ ಮನೆಗೆ ತಂದರು. ಅಪ್ಪ ಮಗಳು ಬಾಗಿಲು ಹಾಕಿಕೊಂಡು, ಒಂದೊಂದೇ ಫಿಲ್ಮಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಂಬರ್ ನೋಡಿ, ಎಂಟನೇ ರೀಲಿಗೆ ಮೂರನೇ ಮುಚ್ಚಳ, ಮೂರನೇ ರೀಲಿಗೆ ಎಂಟನೇ ಮುಚ್ಚಳ ಹಾಕಿದರು. ನಾಳೆ ಗಡಿಬಿಡಿಯಲ್ಲೂ ಮುಚ್ಚಳ ನೋಡಿಕೊಂಡು ಹೋದರೆ ಸಾಕು. ಬ್ಯಾಂಕ್ ದರೋಡೆಗೆ ಹೊರಟವರೂ ಇಷ್ಟು ಬೆವರಿರಲಿಕ್ಕಿಲ್ಲ!

ಅಮ್ಮ ಮಾತ್ರ ಗುರುವಾರದಿಂದ ಒಂದು ಮಾತೂ ಆಡಿರಲಿಲ್ಲ. ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಉಜ್ಜುತ್ತಿದ್ದಳು. "ಹನ್ನೊಂದು ವರ್ಷ ನನ್ನಿಂದ ಮುಚ್ಚಿಟ್ರಲ್ಲ," ಎಂದು ಒಂದು ಸಲ ಬಾಣಲೆಗೆ ಹೇಳಿದ್ದಳು, ಅಷ್ಟೇ.

ಭಾನುವಾರ ಹಾಲ್ ಭರ್ತಿ. ಪಟಪಟಿಯ ಎಡಕ್ಕೆ ಮೇಷ್ಟ್ರು, ತೊಡೆಯ ಮೇಲೆ ನಲವತ್ತು ಪುಟದ ಪ್ರಬಂಧ. ಬಲಕ್ಕೆ ಓನರ್, ಕೈಯಲ್ಲಿ ಕಡಲೆಕಾಯಿ. ಒಂದನೇ ರೀಲು ಓಡಿತು, ಎರಡನೆಯದೂ ಓಡಿತು. ಮೇಷ್ಟ್ರು ಅವಳ ಕಡೆ ವಾಲಿ, "ಈಗ ನೋಡು, ಸ್ಮಶಾನ. ಕಣ್ಣು ಮಿಟುಕಿಸ್ಬೇಡ," ಅಂದರು.

ಪರದೆಯ ಮೇಲೆ ಸ್ಮಶಾನ ಬರಲಿಲ್ಲ. ಬಾವಿಯ ಹತ್ತಿರ ಒಬ್ಬ ಹೆಂಗಸು ಬಂದಳು. ಹೀರೋ ಟೋಪಿ ತೆಗೆದು, "ನಿಮ್ಮ ಹೆಸರೇನು?" ಅಂದ.

ಓನರ್ ಬಾಯಿಯ ಕಡಲೆಕಾಯಿ ಜಗಿಯುವುದನ್ನು ನಿಲ್ಲಿಸಿದರು. ಪಟಪಟಿ ಎದ್ದಳು, ಒಬ್ಬರ ಕಾಲು ತುಳಿದಳು, ಇನ್ನಿಬ್ಬರದ್ದೂ ತುಳಿದಳು, ಕತ್ತಲೆಯಲ್ಲಿ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ರೂಮಿನ ಬಾಗಿಲು ದೂಡಿದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಅವಳ ಬಾಲ್ಯದ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು, ಮಡಿಲಲ್ಲಿ ಚಹಾದ ಫ್ಲಾಸ್ಕು.

"ನಾನೇ ಕಣೇ," ಅಂದಳು ಅಮ್ಮ, ಗೆದ್ದವಳ ದನಿಯಲ್ಲಿ. "ಬೆಳಿಗ್ಗೆ ನಿಮ್ಮಪ್ಪ ಸ್ನಾನಕ್ಕೆ ಹೋದಾಗ ಎಲ್ಲಾ ಡಬ್ಬೀನೂ ತೆಗೆದು ನೋಡ್ದೆ. ಮತ್ತೆ ಮೂರು ಎಂಟು ಅದಲುಬದಲಾಗಿತ್ತು! ನಾನು ಮಾಡಿದ ತಪ್ಪು ನಾನೇ ಸರಿ ಮಾಡ್ಬೇಕು ತಾನೆ? ಸರಿ ಮಾಡ್ದೆ."

"ಅಯ್ಯೋ ಅಮ್ಮಾ! ಅದನ್ನ ನಾವೇ ಅದಲುಬದಲು ಮಾಡಿದ್ವಿ!"

"ಯಾಕೆ?"

ಆ ಪ್ರಶ್ನೆಗೆ ಉತ್ತರ ಹೇಳುವಷ್ಟು ಸಮಯ ಯಾವ ರೀಲಿನಲ್ಲೂ ಇರಲಿಲ್ಲ.

"ಅಪ್ಪಾ, ಬೇಗ! ಇದನ್ನ ನಿಲ್ಲಿಸಿ ಎಂಟನೇದು ಹಾಕು! ಕರೆಂಟ್ ಹೋಯ್ತು ಅನ್ನೋಣ!"

ಅಪ್ಪ ಸ್ವಿಚ್ ಕಡೆ ಕೈ ಚಾಚಿದರು. ಆಮೇಲೆ ಕಿಂಡಿಯಿಂದ ಪರದೆ ನೋಡಿದರು. ಬಾವಿಯ ಹತ್ತಿರದ ಹೆಂಗಸು ತನ್ನ ಹೆಸರು ಹೇಳಿ ನಗುತ್ತಿದ್ದಳು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು.

"ಓಡ್ಲಿ ಬಿಡು ಮರಿ. ಒಂದ್ಸಲನಾದ್ರೂ ಆ ಪಾಪದವನು ಸಾಯೋ ಹೊತ್ತಿಗೇ ಸಾಯ್ಲಿ."

ಮೂವರೂ ಒಂದೇ ಕಿಂಡಿಗೆ ತಲೆ ತೂರಿಸಿ ಮಿಕ್ಕ ಐದು ರೀಲು ನೋಡಿದರು. ಏನು ಹೇಳುವುದು! ಹೀರೋ ಬಂದ, ಪರಿಚಯವಾಯಿತು, ಮದುವೆಯಾಯಿತು, ಜಗಳವಾಯಿತು, ಸತ್ತ, ಹೂತರು. ಬಂಡೆ ನಾಲ್ಕು ಸಲ ಬಂತು. ಎಲ್ಲವೂ ಬರಬೇಕಾದ ಹೊತ್ತಿಗೇ ಬಂತು, ಬರುವ ಹತ್ತು ನಿಮಿಷ ಮುಂಚೆಯೇ ಇಡೀ ಹಾಲಿಗೆ ಗೊತ್ತೂ ಆಗುತ್ತಿತ್ತು. ಐದನೇ ರೀಲಿಗೆ ಆಕಳಿಕೆ, ಆರನೇ ರೀಲಿಗೆ ಗೊರಕೆ, 'ಮುಕ್ತಾಯ' ಬಂದಾಗ ಶಿಳ್ಳೆ!

ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಗಿಲಲ್ಲಿ ಓನರ್, ಅವರ ಹಿಂದೆ ಮೇಷ್ಟ್ರು. ಅಪ್ಪ ಒಮ್ಮೆ ಗೋಡೆಯ ಬೋರ್ಡ್ ನೋಡಿ ಅಂಗಿಯ ಗುಂಡಿ ಹಾಕಿಕೊಂಡು ನಿಂತರು.

"ಏನ್ರೀ ಆಪರೇಟ್ರೇ!" ಓನರ್ ಕೂಗಿದರು. "ಎಂಥಾ ಸಿನಿಮಾನ ಏನು ಮಾಡಿಬಿಟ್ರಿ! ರೀಲು ಹಿಂದುಮುಂದು ಮಾಡಿದ್ದೀರಾ! ಸತ್ತವನು ಕೊನೇಗೆ ಸಾಯ್ತಾನೇನ್ರೀ?"

ಅಪ್ಪ ಮತ್ತೊಮ್ಮೆ ಬೋರ್ಡಿನ ಕಡೆ ತಿರುಗಿದರು.

"ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲನೇ ತಪ್ಪು, ಅದಕ್ಕೆ ಕ್ಷಮಿಸಿದ್ದೀನಿ. ಅವತ್ತು ಅರವತ್ಮೂರು ಆಟ ಎಷ್ಟು ಕರೆಕ್ಟಾಗಿ ಹಾಕಿದ್ರಿ! ಸಂಜೆ ಆಟಕ್ಕೆ ಸರಿಯಾಗಿ ಹಾಕಿ."

ಮೇಷ್ಟ್ರು ಪ್ರಬಂಧವನ್ನು ಮಗುವಿನಂತೆ ಎದೆಗೆ ಅವುಚಿಕೊಂಡಿದ್ದರು. "ಇವತ್ತು ನೋಡಿದ್ದನ್ನ ಕೆಟ್ಟದ್ದು ಅಂತ ನಾನೇ ಎರಡೂ ಕೈ ಎತ್ತಿದೆ ಕಣಮ್ಮಾ. ಸಂಪಾದಕಿ ನೀನೇ. ಲೇಖನದ ಕೊನೇಲಿ ಒಂದೇ ಒಂದು ಸಾಲು ಸೇರಿಸು: 'ಆಪರೇಟರ್ ಎಡವಿದರೆ ಎಂಥ ಮಹಾನ್ ಸಿನಿಮಾ ಕೂಡ ಕೆಡುತ್ತದೆ' ಅಂತ."

ಕೌಬಾಯ್ ಸಿನಿಮಾಗಳ ಮಾನ ಹರಾಜು ಹಾಕಲು ಹೊರಟಿದ್ದ ಪಟಪಟಿ ನೆಲ ನೋಡುತ್ತಾ, "ಆಯ್ತು ಸರ್," ಅಂದಳು. ಎರಡೇ ಶಬ್ದ!

ಇಬ್ಬರೂ ಇಳಿದು ಹೋದ ಮೇಲೆ ಅಮ್ಮ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಚಹಾ ಬಗ್ಗಿಸಿದಳು. "ಅಲ್ಲಾ, ಅಷ್ಟೊಂದು ಜನ ಸೇರಿ, ಕುದುರೆ ಕಟ್ಟಿ, ಕೋಟಿಗಟ್ಟಲೆ ಸುರಿದು ಮಾಡಿದ್ದು ಒಂದು ಆಟಕ್ಕೇ ಮಕಾಡೆ ಬಿತ್ತು. ನಾನು ಒಂದು ಮಧ್ಯಾಹ್ನ ಮುಚ್ಚಳ ತೊಳೆದದ್ದು ಮೂರು ವಾರ ಓಡ್ತು."

ಅಪ್ಪ ಮಗಳು ಲೋಟ ಹಿಡಿದು ಅವಳನ್ನೇ ನೋಡಿದರು.

"ಇನ್ನೇನು ನೋಡ್ತಾ ನಿಂತಿದ್ದೀರಾ?" ಅಮ್ಮ ಸೆರಗು ಸಿಕ್ಕಿಸಿ ಎದ್ದಳು. "ಡಬ್ಬಿಗಳನ್ನ ಕೊಡಿ ಇಲ್ಲಿ. ಸಂಜೆ ಆಟಕ್ಕೆ ತೊಳೆದು ತರ್ತೀನಿ."