ಭೂಗೋಳಕ್ಕೆ ಒಂದು ತಲೆ ಕಮ್ಮಿ

ಮಕ್ಕಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂಬ ಸಂದೇಹವಿದ್ದವರು ದಯವಿಟ್ಟು ನನ್ನನ್ನು ಕೇಳಿ. ಶಿಕಾರಿಪುರದಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿಯಿದೆ. ಅದಕ್ಕೂ ಮೊದಲು ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಪಾತ್ರೆ ಕೊಡುತ್ತ, ಈಸೂರಿನಿಂದ ಸೊರಬದವರೆಗೆ ಊರೂರು ತಿರುಗಿದವಳು ನಾನು. ಒಂದು ಹಳೇ ಪ್ಯಾಂಟಿಗೆ ಲೋಟ ಕೊಡಬೇಕೋ ಚೊಂಬು ಕೊಡಬೇಕೋ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವಳಿಗೆ, ಒಬ್ಬ ಹುಡುಗ ಬಿ.ಎ.ಗೋ ಬಿ.ಕಾಂ.ಗೋ ಎಂದು ಹೇಳುವುದು ಯಾವ ಮಹಾ ಕೆಲಸ!

ಹೀಗಾಗಿ ಪಿಯುಸಿ ಫಲಿತಾಂಶ ಬಂದಂದಿನಿಂದ ನಮ್ಮ ಅಂಗಡಿಯಲ್ಲಿ ಪಾತ್ರೆಯ ಜೊತೆ ಸಲಹೆ ಉಚಿತ.

"ಕಾಮರ್ಸ್ ಹಾಕ್ಸಿ. ಲೆಕ್ಕ ಬಂದ್ರೆ ಎಲ್ಲಿ ಬೇಕಾದ್ರೂ ಬದುಕ್ಬಹುದು. ಭೂಗೋಳ ಓದಿ ಏನ್ಮಾಡ್ತಾರೆ? ಬಸ್ ಸ್ಟ್ಯಾಂಡಲ್ಲಿ ನಿಂತು ಯಾವ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಹೇಳ್ಬೇಕಷ್ಟೆ!"

ತಾಯಂದಿರು ನಗುತ್ತಿದ್ದರು. ಬರೀ ನಕ್ಕು ಮರೆಯುತ್ತಾರೆಂದು ನಾನು ತಿಳಿದಿದ್ದೆ. ಪಾಲಿಸಿಬಿಟ್ಟಿದ್ದರು!

ಅಷ್ಟರಲ್ಲಿ ನನ್ನ ಮಗಳು ರಮ್ಯಾ ಬಾಯಿ ಬಿಟ್ಟಳು. ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ.

"ಅಮ್ಮಾ, ನಾನು ಬಿ.ಎ. ಸೇರ್ತೀನಿ. ಭೂಗೋಳ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ."

"ಇದೇನೇ, ಕೋರ್ಸೋ ಮಿಕ್ಸ್ಚರ್ ಪೊಟ್ಟಣವೋ?"

"ಇಲ್ಲಿ ಮೆಕ್ಕೆಜೋಳ, ಬಸ್ ಹತ್ತಿ ಸೊರಬದಲ್ಲಿ ಇಳಿದ್ರೆ ಭತ್ತ. ಮಳೆ ಬೇರೆ, ಸಂತೆ ರೇಟು ಬೇರೆ, ಜನ ಮಾತಾಡೋದೂ ಬೇರೆ. ಯಾಕೆ ಅಂತ ನಂಗೆ ಗೊತ್ತಾಗ್ಬೇಕು. ಅದಕ್ಕೆ ಮೂರೂ ಬೇಕು."

"ಕಂಡಕ್ಟರನ್ನ ಕೇಳಿದ್ರೆ ಅವನೇ ಹೇಳ್ತಾನೆ!"

ರಮ್ಯಾ ಅಳಲಿಲ್ಲ, ಊಟ ಬಿಡಲಿಲ್ಲ. ಮಾತು ಬಿಟ್ಟಳು. ಕಮ್ಮಿಗೆ ಕೇಳುವ ಗಿರಾಕಿಯನ್ನು ಸೋಲಿಸಬಹುದು. ಏನೂ ಕೇಳದೆ ಸುಮ್ಮನೆ ನಿಂತ ಗಿರಾಕಿಯನ್ನು ಏನು ಮಾಡುವುದು? ಇಪ್ಪತ್ತು ವರ್ಷದ ವ್ಯಾಪಾರದ ಅನುಭವವುಳ್ಳ ನಾನು ಸೋತು, ಅವಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ.

ದಾಖಲಾತಿ ಮೇಜಿನ ಹಿಂದೆ ಭೂಗೋಳದ ಮೇಷ್ಟ್ರು ಕೂತಿದ್ದರು. ರಮ್ಯಾ ವಿಷಯದ ಹೆಸರು ಹೇಳಿದ್ದೇ ತಡ, ಎದ್ದು ನಿಂತು ಕುರ್ಚಿ ಕೊಟ್ಟರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಗಿರಾಕಿಗೆ ಕುರ್ಚಿ ಕೊಡುವ ಅಂಗಡಿಯಲ್ಲಿ ವ್ಯಾಪಾರ ಇಲ್ಲವೆಂದೇ ಅರ್ಥ!

"ಈ ಕಾಂಬಿನೇಷನ್ ನಡೀಬೇಕಾದ್ರೆ ಹತ್ತು ಜನ ಬೇಕು ಅಂದಿದಾರೆ ಪ್ರಾಂಶುಪಾಲರು. ನಿಮ್ಮ ಮಗಳು ಸೇರಿ ಒಂಬತ್ತು. ಶನಿವಾರ ಕೊನೇ ದಿನ ಅಮ್ಮ."

"ಒಂಬತ್ತಕ್ಕೇ ಮಾಡ್ಕೊಡಿ ಸಾರ್."

"ಆಗಲ್ಲ."

"ಹೋಗ್ಲಿ, ಒಂಬತ್ತೂವರೆ?"

ಅಭ್ಯಾಸಬಲ! ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೋದ ವರ್ಷ ಕೂರಕ್ಕೆ ಬೆಂಚು ಸಾಲ್ತಿರ್ಲಿಲ್ಲ. ಈ ವರ್ಷ ಪೇಟೇಲಿ ಯಾರೋ ಪಾತ್ರೆ ಅಂಗಡಿ ಹೆಂಗಸು ಭೂಗೋಳ ಬೇಡ ಅಂತ ಬಂದೋರಿಗೆಲ್ಲ ಹೇಳ್ತಿದಾರಂತೆ. ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ರಮ್ಯಾ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಭೂಪಟವನ್ನು ಅತ್ಯಂತ ಆಸಕ್ತಿಯಿಂದ ಅಧ್ಯಯನ ಮಾಡತೊಡಗಿದೆ.

ಕೆಡಿಸಿದವಳೇ ಸರಿಮಾಡಬೇಕಲ್ಲ! ಮರುದಿನ ಒಂದು ಇಡ್ಲಿ ಪಾತ್ರೆ ಹಿಡಿದು ಕುಪ್ಪಗಡ್ಡೆಯ ಬಸ್ ಹತ್ತಿದೆ. ಅಲ್ಲಿಯ ಗಂಗಮ್ಮ ನನ್ನ ಹಳೇ ಗಿರಾಕಿ. ಅವಳ ಮಗನೂ ಈ ವರ್ಷ ಪಿಯುಸಿ ಪಾಸು.

"ಗಂಗಮ್ಮಾ, ನಿನ್ನ ಮಗನಿಗೆ ಭೂಗೋಳ ಅಂದ್ರೆ ಹೇಳಿ ಮಾಡಿಸಿದ ಹಾಗಿದೆ ನೋಡು!"

"ಎಂತದು ಮಾರಾಯ್ತಿ? ಹೋದ ತಿಂಗಳು ಬಸ್ ಸ್ಟ್ಯಾಂಡಲ್ಲಿ ನಿಲ್ಬೇಕಾಗ್ತದೆ ಅಂದವಳು ನೀನೇ ಅಲ್ವ?"

"ಅದು ಹೋದ ತಿಂಗಳ ರೇಟು!"

ಇಡ್ಲಿ ಪಾತ್ರೆಯನ್ನು ಅವಳ ಮುಂದಿಟ್ಟೆ. ಗಂಗಮ್ಮ ಮುಚ್ಚಳ ತೆಗೆದಳು, ತಟ್ಟೆ ತಟ್ಟಿದಳು, "ಇದರ ಮುಚ್ಚಳ ಸ್ವಲ್ಪ ಸಡಿಲ" ಎಂದಳು, ಒಳಗಿಟ್ಟು ಬಂದಳು. ಮಗನನ್ನು ಕೇಳಿ ಫೋನು ಮಾಡುತ್ತೇನೆಂದಳು. ಮಾಡಿದಳು ಕೂಡ.

"ಹುಡುಗ ಬಿಲ್‌ಕುಲ್ ಒಪ್ಲಿಲ್ಲ ಮಾರಾಯ್ತಿ. ಇಡ್ಲಿ ಮಾತ್ರ ಚಲೋ ಆಗ್ತದೆ."

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಶುಕ್ರವಾರ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಮೊದಲೇ ಭೂಗೋಳಕ್ಕೆ ಸೇರಿದ್ದ ಮಕ್ಕಳ ತಾಯಂದಿರೆಲ್ಲ ಹಾಜರು!

"ಏನ್ರೀ ಇದು? ಹೊಸಬರಿಗೆ ಮನೆಗೇ ತಗೊಂಡ್ಹೋಗಿ ಇಡ್ಲಿ ಪಾತ್ರೆ ಕೊಡ್ತೀರಂತೆ, ಮೊದ್ಲೇ ಸೇರಿದ ನಾವೇನು ಪಾಪ ಮಾಡಿದ್ವಿ?"

"ಅದು ಹಾಗಲ್ಲ..."

"ಕೊಡ್ದಿದ್ರೆ ನಾವೂ ಕಾಮರ್ಸಿಗೆ ಹಾಕ್ತೀವಿ ಬಿಡ್ರಿ. ಲೆಕ್ಕ ಬಂದ್ರೆ ಎಲ್ಲಿ ಬೇಕಾದ್ರೂ ಬದುಕ್ಬಹುದಂತಲ್ಲ!"

ಎಲ್ಲರಿಗೂ ಕೊಟ್ಟೆ. ಒಬ್ಬಾಕೆ ಸಾಂಬಾರಿಗೆಂದು ಒಂದು ಡಬರಿಯನ್ನೂ ಎತ್ತಿಕೊಂಡು ಹೋದಳು. ಇಡ್ಲಿ ಪಾತ್ರೆಯ ಕಪಾಟು ಖಾಲಿಯಾಯಿತು. ತಲೆ ಮಾತ್ರ ಇನ್ನೂ ಒಂದು ಕಮ್ಮಿ!

ಶನಿವಾರ ಸಂಜೆ. ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ರಮ್ಯಾ ಉಗುರು ಕಚ್ಚುತ್ತಿದ್ದಳು. ಜೊತೆಗೆ ನಮ್ಮ ಯಜಮಾನರೂ ಬಂದಿದ್ದರು. ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವರ ಕೆಲಸ. ಬಾಯಿಂದ ದಿನಕ್ಕೊಂದು ಮಾತು ಬಂದರೆ ಹೆಚ್ಚು. ಆ ದಿನದ ಮಾತನ್ನು ಅವರು ಅಲ್ಲಿ ಆಡಿದರು.

"ನೀನೂ ಪಿಯುಸಿ ಪಾಸಲ್ವೇನೇ?"

ಮೇಷ್ಟ್ರ ಮುಖ ಅರಳಿತು. "ಹೌದೇನಮ್ಮಾ? ನಮ್ಮಲ್ಲಿ ವಯಸ್ಸಿನ ಅಡ್ಡಿ ಇಲ್ಲ!"

"ಅಮ್ಮಾ, ಬೇಡ!" ರಮ್ಯಾ ಕಿರುಚಿದಳು.

"ಭೂಗೋಳ ಬೇಕೋ ಬೇಡ್ವೋ?"

"ಬೇಕು. ಆದ್ರೆ ನೀನು ಹಿಂದಿನ ಬೆಂಚು. ಕ್ಲಾಸಲ್ಲಿ ನನ್ನನ್ನ ಪುಟ್ಟಿ ಅಂತ ಕರೀಬಾರ್ದು. ಮಧ್ಯೆ ಮಾತಾಡ್ಬಾರ್ದು."

ಜೀವನದಲ್ಲಿ ಮೊದಲ ಬಾರಿಗೆ ಚೌಕಾಸಿ ಮಾಡದೆ ಒಪ್ಪಿದೆ. ಹೀಗೆ ಮಗಳಿಗೆ ಡಿಗ್ರಿ ಕೊಡಿಸಲು ಹೋದ ನಾನು ಡಿಗ್ರಿಗೆ ಸೇರಿದವಳಾಗಿ ಮನೆಗೆ ಬಂದೆ!

ಹಿಂದಿನ ಬೆಂಚಿನಲ್ಲಿ ಕೂತೆ. ಪುಟ್ಟಿ ಅಂತ ಕರೆಯಲಿಲ್ಲ. ಮೂರನೆಯ ಷರತ್ತು ಸ್ವಲ್ಪ ಕಷ್ಟವಾಯಿತು. ತಿಂಗಳು ತುಂಬುವ ಮೊದಲೇ ಮೇಷ್ಟ್ರು ನನ್ನನ್ನು ನಿಲ್ಲಿಸಿ, "ನಾಳೆ ನಿಮ್ಮ ಪೋಷಕರನ್ನ ಕರ್ಕೊಂಡು ಬನ್ನಿ" ಎಂದರು.

ನನಗೀಗ ಪೋಷಕರೆಂದರೆ ಯಜಮಾನರೇ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಕೈಕಟ್ಟಿ ನಿಂತರು. ಅವರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ರಮ್ಯಾ.

"ನೋಡಿ ಸಾರ್," ಎಂದರು ಮೇಷ್ಟ್ರು, "ನಾನು ಮುಂಗಾರು ಮಾರುತದ ಪಾಠ ಮಾಡ್ತಿದ್ರೆ, ಇವರು ಹಿಂದೆ ಕೂತು ಪಕ್ಕದ ಹುಡುಗಿಗೆ ನರ್ಸಿಂಗ್ ಸೇರು ಅಂತ ಹೇಳ್ತಾರೆ. ಆ ಹುಡುಗಿ ನಿನ್ನೆ ಟಿ.ಸಿ. ಕೇಳಕ್ಕೆ ಬಂದಿದ್ಲು! ಅವಳನ್ನ ಹೇಗೋ ಕೂರಿಸಿದೀನಿ. ಇವರನ್ನ ಆಚೆ ಕಳಿಸಿದ್ರೆ ಕಾಂಬಿನೇಷನ್ನೇ ಹೋಗುತ್ತೆ, ಇಟ್ಕೊಂಡ್ರೂ ಹೋಗುತ್ತೆ. ಮನೇಲಿ ಹೇಗೆ ಸಂಭಾಳಿಸ್ತೀರಿ ಸಾರ್?"

ಯಜಮಾನರು ನನ್ನ ಕಡೆ ನೋಡದೆ ಉತ್ತರಿಸಿದರು.

"ಇವಳು ಹೇಳಿದ್ದಕ್ಕೆಲ್ಲ ಹೂಂ ಅಂತೀನಿ ಸಾರ್. ಆಮೇಲೆ ಮಗಳು ಹೇಳಿದ ಹಾಗೆ ಮಾಡ್ತೀನಿ."

ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. ಅಂದಿನಿಂದ ತರಗತಿಯಲ್ಲಿ ನಾನು ಏನು ಹೇಳಿದರೂ ಅವರು ಹೂಂ ಅನ್ನುತ್ತಾರೆ!